ಕಾಮಿಕ್ ಪುಸ್ತಕದ ಪಿನ್ನು ಕೆಟ್ಟಿದ್ದರೆ ಗ್ರೇಡ್ ಎಷ್ಟು ಇಳಿಯುತ್ತದೆ?

ಪ್ರಶ್ನೆ: ನ್ಯೂಜೆರ್ಸಿಯ ಸದಸ್ಯ

ಎಲ್ಲರಿಗೂ ನಮಸ್ಕಾರ. ಮಾರ್ವೆಲ್‌ನ ‘ದಿ ಇನ್‌ಕ್ರೆಡಿಬಲ್ ಹಲ್ಕ್’ ಮಾಲೆಯ 181ನೇ ಸಂಚಿಕೆಯ ಒಂದು ಪ್ರತಿಯನ್ನು ಈಚೆಗೆ ಕೊಂಡಿದ್ದೇನೆ. 1974ರ ನವೆಂಬರ್ ತಿಂಗಳ ಹೆಸರಿನಲ್ಲಿ ಬಂದ, ವುಲ್ವರೀನ್ ಪಾತ್ರವು ಮೊದಲ ಬಾರಿಗೆ ಪೂರ್ಣವಾಗಿ ಕಾಣಿಸಿಕೊಂಡ ಸಂಚಿಕೆ ಇದು ಎಂಬುದು ಇಲ್ಲಿರುವ ಹೆಚ್ಚಿನವರಿಗೆ ಗೊತ್ತಿದೆ. ಮುಖಪುಟದ ಬಣ್ಣ ಮಾಸಿಲ್ಲ, ಮೂಲೆಗಳು ಚೂಪಾಗಿವೆ, ಬೆನ್ನು ನೇರವಾಗಿದೆ. ತೊಂದರೆಯೆಲ್ಲ ಎರಡು ಪಿನ್ನುಗಳ ಸುತ್ತಲೇ ಇದೆ. ಮೇಲಿನ ಪಿನ್ನಿನ ಹೊರಮೈ ತುಕ್ಕು ಹಿಡಿದಿದ್ದು, ಅದರ ಎರಡೂ ಕಡೆ ಮುಖಪುಟದ ಕಾಗದಕ್ಕೆ ಕಂದು ಬಣ್ಣ ತೆಳುವಾಗಿ ಹರಡಿದೆ. ಕೆಳಗಿನ ಪಿನ್ನಿಗೆ ತುಕ್ಕಿಲ್ಲ, ಆದರೆ ಅದರ ಒಂದು ತುದಿಯಲ್ಲಿ ಮುಖಪುಟದ ಕಾಗದ ಹರಿದು ಪಿನ್ನಿನಿಂದ ಬಿಡಿಸಿಕೊಂಡಿದೆ. ನಡುಹಾಳೆಯು ಎರಡು ಪಿನ್ನುಗಳಲ್ಲೂ ನಿಂತಿದೆಯಾದರೂ ಕೆಳಗಿನದರಲ್ಲಿ ಸ್ವಲ್ಪ ಸಡಿಲವಾಗಿದೆ.

ಪಿನ್ನಿನ ದೋಷಗಳನ್ನು ಬದಿಗಿಟ್ಟು ನೋಡಿದರೆ ಪ್ರತಿಯ ಸ್ಥಿತಿಗೆ ಹತ್ತರಲ್ಲಿ ಕೊಡುವ ಗ್ರೇಡ್ ಅಂಕಿಯಲ್ಲಿ ಇದಕ್ಕೆ 8.0 ಸಿಗಬಹುದೆಂದು ನನಗೆ ಅನ್ನಿಸುತ್ತದೆ. ದೋಷಗಳನ್ನು ಸೇರಿಸಿಕೊಂಡರೆ ಎಷ್ಟಕ್ಕೆ ಇಳಿಯಬಹುದು? ಇನ್ನೊಂದು ಪ್ರಶ್ನೆಯೂ ಇದೆ. ಅದೇ ಕಾಲದ ಬೇರೊಂದು ಅಗ್ಗದ ಕಾಮಿಕ್‌ನಿಂದ ತುಕ್ಕಿಲ್ಲದ ಪಿನ್ನು ತೆಗೆದು ಇದಕ್ಕೆ ಹಾಕಿಸಿದರೆ ಗ್ರೇಡ್ ಏರುತ್ತದೆ ಎಂದು ಪರಿಚಯದ ವ್ಯಾಪಾರಿಯೊಬ್ಬರು ಸಲಹೆ ಕೊಟ್ಟಿದ್ದಾರೆ. ಹಾಗೆ ಮಾಡುವುದು ಸರಿಯೇ?

ಉತ್ತರ 1: ಬೆಂಗಳೂರಿನ ಸಂಗ್ರಾಹಕ

ನಿಮ್ಮ ಎರಡನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ, ಏಕೆಂದರೆ ಅದರಲ್ಲಿ ಅವಸರ ಮಾಡಿದರೆ ಹಿಂದಕ್ಕೆ ಬರಲು ದಾರಿಯಿರುವುದಿಲ್ಲ. ದಯವಿಟ್ಟು ಪಿನ್ನುಗಳನ್ನು ಮುಟ್ಟಬೇಡಿ, ಮುಟ್ಟಲು ಯಾರಿಗೂ ಬಿಡಬೇಡಿ. ಕಾರಣವನ್ನು ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಅಮೆರಿಕದ ಹಳೆಯ ಕಾಮಿಕ್‌ಗಳಲ್ಲಿರುವುದು ನಾವು ಕಚೇರಿಯಲ್ಲಿ ಬಳಸುವಂಥ, ಮೊದಲೇ ಬಾಗಿಸಿಟ್ಟ ಪಿನ್ನು ಅಲ್ಲ. ಮಡಿಸಿದ ಹಾಳೆಗಳನ್ನು ಒಂದರ ಮೇಲೊಂದು ಕವುಚಿಟ್ಟು, ಸುರುಳಿಯಿಂದ ಬರುವ ಉಕ್ಕಿನ ತಂತಿಯನ್ನು ಯಂತ್ರವೇ ತುಂಡರಿಸಿ, ಬೆನ್ನಿನ ಹೊರಗಡೆಯಿಂದ ಚುಚ್ಚಿ, ಒಳಗಡೆ ನಡುಹಾಳೆಯ ಮೇಲೆ ಎರಡು ಕಾಲುಗಳನ್ನು ಮಡಚುತ್ತಿತ್ತು. ಆಮೇಲೆ ಮೂರು ಅಂಚುಗಳನ್ನು ಕತ್ತರಿಸಲಾಗುತ್ತಿತ್ತು. ನಿಮ್ಮ ಸಂಚಿಕೆಯಲ್ಲಿ ಒಳಗೆ 32 ಪುಟಗಳಿವೆ. ಅಂದರೆ ಎಂಟು ಹಾಳೆ ಮತ್ತು ಹೊರಗಿನ ಹೊದಿಕೆ, ಒಟ್ಟು ಒಂಬತ್ತು ಪದರಗಳನ್ನು ಎರಡೇ ತಂತಿಗಳು ಹಿಡಿದು ನಿಲ್ಲಿಸಿವೆ. ಈ ಒಂಬತ್ತು ಪದರಗಳಲ್ಲಿ ಹೆಚ್ಚು ಪೆಟ್ಟು ತಿನ್ನುವುದು ಮೊದಲನೆಯದು ಮತ್ತು ಕೊನೆಯದು. ಪುಸ್ತಕವನ್ನು ಪೂರ್ತಿ ಬಿಡಿಸಿದಾಗ ಹೊದಿಕೆಯು ಹೊರಗಿನ ತಂತಿಯ ಅಂಚಿಗೆ ಎಳೆದುಕೊಳ್ಳುತ್ತದೆ, ನಡುಹಾಳೆಯ ತೂತುಗಳು ಒಳಗಿನ ಕಾಲುಗಳ ಸುತ್ತ ಅಗಲವಾಗುತ್ತವೆ. ನೀವು ಹೇಳಿದ ಎರಡು ದೋಷಗಳೂ, ಅಂದರೆ ಹೊದಿಕೆ ಬಿಡಿಸಿಕೊಂಡಿರುವುದೂ ನಡುಹಾಳೆ ಸಡಿಲವಾಗಿರುವುದೂ, ಒಂದೇ ಎಳೆತದ ಫಲ. ಒಂದನ್ನು ಕಂಡಾಗ ಇನ್ನೊಂದನ್ನು ಹುಡುಕುವುದು ಗ್ರೇಡ್ ಮಾಡುವವರ ರೂಢಿ.

ಇನ್ನು ಗ್ರೇಡ್. ಪಿನ್ನು ಎಷ್ಟು ಕೆಟ್ಟಿದೆ ಎಂಬುದಕ್ಕಿಂತ ಅದು ಕಾಗದಕ್ಕೆ ಏನು ಮಾಡಿದೆ ಎಂಬುದನ್ನೇ ಪರೀಕ್ಷಕರು ಅಳೆಯುತ್ತಾರೆ. 1970ರಿಂದ ಬೆಲೆಪಟ್ಟಿ ಪ್ರಕಟಿಸುತ್ತ ಬಂದ ರಾಬರ್ಟ್ ಓವರ್‌ಸ್ಟ್ರೀಟ್ ಅವರ ಗ್ರೇಡಿಂಗ್ ಮಾನದಂಡವನ್ನು ಓದಿದರೆ ಇದು ಸ್ಪಷ್ಟವಾಗುತ್ತದೆ. 9.4ರ ಮಟ್ಟದಲ್ಲೂ ಪಿನ್ನು ಅತ್ಯಲ್ಪವಾಗಿ ಬಣ್ಣಗೆಟ್ಟಿರಬಹುದು, ಆದರೆ ಅದರ ಸುತ್ತ ಕಾಗದ ಹರಿದಿರಬಾರದು. 8.0ರಲ್ಲಿ ಪಿನ್ನು ಇನ್ನಷ್ಟು ಬಣ್ಣಗೆಟ್ಟಿದ್ದರೂ, ತೀರಾ ಚಿಕ್ಕ ಹರಿವು ಇದ್ದರೂ ನಡೆಯುತ್ತದೆ, ಆದರೆ ತುಕ್ಕು ಲೋಹವನ್ನು ಬಿಟ್ಟು ಕಾಗದಕ್ಕೆ ಇಳಿದಿರಬಾರದು. ಕಾಗದಕ್ಕಿಳಿದ ತುಕ್ಕಿಗೆ ಜಾಗ ಸಿಗುವುದು 6.0ರಿಂದ. ಅದೂ ಸ್ವಲ್ಪ ಮಾತ್ರ. 4.0ಕ್ಕೆ ಬಂದರೆ ನಡುಹಾಳೆ ಒಂದೇ ಪಿನ್ನಿನಲ್ಲಿ ನೇತಾಡುತ್ತಿದ್ದರೂ ಒಪ್ಪುತ್ತಾರೆ. 2.0ರಲ್ಲಿ ಪಿನ್ನು ಶಿಥಿಲವಾಗಿರಬಹುದು, ಬದಲಾಗಿರಬಹುದು ಅಥವಾ ಇಲ್ಲದೆಯೇ ಇರಬಹುದು.

ಹಾಗಾಗಿ ನಿಮ್ಮ ಪ್ರತಿಯನ್ನು 8.0ರಿಂದ ಕೆಳಗಿಳಿಸುವುದು ಮುಖ್ಯವಾಗಿ ಮೇಲಿನ ಪಿನ್ನಿನ ಕಂದು ಕಲೆ. ಕೆಳಗಿನ ಪಿನ್ನಿನ ಹರಿವು ಅದಕ್ಕೆ ಜೊತೆ ಸೇರುತ್ತದೆ. ಚಿತ್ರಗಳನ್ನು ನೋಡದೆ ಹೇಳುವುದಾದರೆ 5.5ರಿಂದ 6.5ರ ನಡುವೆ ನಿಲ್ಲಬಹುದು ಎಂಬುದು ನನ್ನ ಅಂದಾಜು. ಮುಖಪುಟದ ಉಳಿದ ಭಾಗ ನೀವು ಹೇಳುವಷ್ಟು ಚೆನ್ನಾಗಿದ್ದರೆ 6.5ರ ಕಡೆಗೆ ವಾಲುತ್ತೇನೆ.

ಪಿನ್ನು ಬದಲಿಸಿದರೆ ಆಗುವುದೇನು? ಫ್ಲಾರಿಡಾದ ಸಾರಾಸೋಟಾದಲ್ಲಿರುವ, 2000ದಲ್ಲಿ ಶುರುವಾದ, ಕಾಮಿಕ್‌ಗಳನ್ನು ಪರೀಕ್ಷಿಸಿ ಗ್ರೇಡ್ ಕೊಡುವ ಸಿಜಿಸಿ ಸಂಸ್ಥೆಗೆ ನೀವು ಪುಸ್ತಕವನ್ನು ಕಳುಹಿಸಿದರೆ, ದುರಸ್ತಿಯಾಗದ ಪ್ರತಿಗೆ ನೀಲಿ ಲೇಬಲ್ ಸಿಗುತ್ತದೆ. ಪಿನ್ನನ್ನು ಶುಚಿಗೊಳಿಸಿದ್ದು ಅಥವಾ ಬದಲಿಸಿದ್ದು ಪತ್ತೆಯಾದರೆ ಅದನ್ನು ಸಂರಕ್ಷಿತ ಪ್ರತಿಯ ಲೇಬಲ್ಲಿಗೆ ಸೇರಿಸುತ್ತಾರೆ. ಜೊತೆಗೆ ಬಣ್ಣ ಹಚ್ಚಿದ್ದೋ ಹರಿದ ಕಡೆ ಹೊಸ ಕಾಗದ ತುಂಬಿಸಿದ್ದೋ ಇದ್ದರೆ ನೇರಳೆ ಲೇಬಲ್ ಬರುತ್ತದೆ. ಅಂಕಿ 6.0ರಿಂದ 7.0ಕ್ಕೆ ಏರಿದರೂ ಲೇಬಲ್ಲಿನ ಬಣ್ಣ ಬದಲಾಗಿದ್ದರಿಂದ ಬೆಲೆ ಇಳಿದಿರುತ್ತದೆ. ನಿಮಗೆ ಸಲಹೆ ಕೊಟ್ಟವರು ಇದನ್ನು ಹೇಳಬೇಕಾಗಿತ್ತು.

ಉತ್ತರ 2: ಡಲ್ಲಾಸ್‌ನ ಸದಸ್ಯ, ಹಳೆಯ ಕಾಮಿಕ್‌ಗಳ ವ್ಯಾಪಾರಿ

ಮೇಲಿನ ಉತ್ತರವನ್ನು ಬಹುಮಟ್ಟಿಗೆ ಒಪ್ಪುತ್ತೇನೆ. ಆದರೆ ಎಲ್ಲ ಪಿನ್ನಿನ ದೋಷಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು ಎಂಬುದನ್ನು ಸೇರಿಸಬೇಕು. ಅಚ್ಚಿನ ಮನೆಯಲ್ಲೇ ಆದದ್ದು ಬೇರೆ, ಓದುಗರ ಕೈಯಲ್ಲಿ ಆದದ್ದು ಬೇರೆ.

ಆ ಕಾಲದ ಅಮೆರಿಕನ್ ಕಾಮಿಕ್‌ಗಳಲ್ಲಿ ಬಹುಪಾಲು ಅಚ್ಚಾದದ್ದು ಇಲಿನಾಯ್‌ನ ಸ್ಪಾರ್ಟಾ ಪಟ್ಟಣದಲ್ಲಿದ್ದ ವರ್ಲ್ಡ್ ಕಲರ್ ಪ್ರೆಸ್‌ನಲ್ಲಿ. ಕಾಸಿನ ಲೆಕ್ಕದಲ್ಲಿ ಮಾರುವ ಪುಸ್ತಕವನ್ನು ಲಕ್ಷಗಟ್ಟಲೆ ಪ್ರತಿಗಳಲ್ಲಿ ಓಡಿಸುವ ಯಂತ್ರದಿಂದ ಒಂದೊಂದು ಪಿನ್ನೂ ಮಡಿಕೆಯ ಮೇಲೆಯೇ ಕೂರಬೇಕೆಂದು ಯಾರೂ ಬಯಸುತ್ತಿರಲಿಲ್ಲ. ಆದ್ದರಿಂದ ಪಿನ್ನು ಮಡಿಕೆಯಿಂದ ಸರಿದು ಮುಖಪುಟದ ಕಡೆಗೋ ಹಿಂಪುಟದ ಕಡೆಗೋ ಬಿದ್ದಿರುವುದು, ಒಂದು ಕಾಲು ಸರಿಯಾಗಿ ಮಡಚದೆ ನಿಂತಿರುವುದು, ಎರಡರ ಜಾಗದಲ್ಲಿ ಮೂರು ಪಿನ್ನು ಇರುವುದು, ಇವೆಲ್ಲ ಬೈಂಡಿಂಗ್‌ನ ದೋಷಗಳೆಂದು ಪರಿಗಣಿತವಾಗುತ್ತವೆ. ಇವುಗಳ ಮೇಲೆ ಪರೀಕ್ಷಕರು ಅಷ್ಟಾಗಿ ಕಠಿಣವಾಗುವುದಿಲ್ಲ. ಮಡಿಕೆಯಿಂದ ತುಸು ಸರಿದ ಪಿನ್ನಿರುವ ಪ್ರತಿಗಳು 9ರ ಮೇಲಿನ ಗ್ರೇಡ್ ಪಡೆದು ಗ್ರೇಡಿಂಗ್ ಸಂಸ್ಥೆಯ ಮುಚ್ಚಿದ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ಕುಳಿತಿರುವುದನ್ನು ನಾನು ನೋಡಿದ್ದೇನೆ, ಮಾರಿದ್ದೇನೆ.

ಖರೀದಿದಾರರಿಗೆ ಮಾತ್ರ ಅಷ್ಟು ಸಹನೆ ಇರುವುದಿಲ್ಲ. ಪಿನ್ನು ಮುಖಪುಟದ ಕಡೆ ಕಾಲಂಗುಲ ಸರಿದಿದ್ದರೆ, ಅದರೊಂದಿಗೆ ಹಿಂಪುಟದ ಬಿಳಿಪಟ್ಟಿಯೂ ಮುಂದಕ್ಕೆ ಸುತ್ತಿಕೊಂಡಿದ್ದರೆ, ಒಂದೇ ಗ್ರೇಡಿನ ಎರಡು ಪ್ರತಿಗಳಲ್ಲಿ ಅದು ಹಿಂದೆ ಉಳಿಯುತ್ತದೆ. ಅಂಕಿಯೊಂದನ್ನೇ ನೋಡಿ ಕೊಳ್ಳಬೇಡಿ, ಪುಸ್ತಕವನ್ನು ನೋಡಿ ಕೊಳ್ಳಿ ಎಂದು ನನ್ನಲ್ಲಿಗೆ ಬರುವ ಹೊಸಬರಿಗೆ ನಾನು ಹೇಳುವುದು ಇದಕ್ಕೇ.

ಮೇಲಿನ ಗ್ರೇಡ್‌ಗಳಲ್ಲಿ ಇನ್ನೊಂದು ಸಂಗತಿಯಿದೆ. ಪಿನ್ನಿನಿಂದ ಹೊರಟು ಮುಖಪುಟದ ಮೇಲೆ ಹೋಗುವ ಸಣ್ಣ ಒತ್ತುಗೆರೆಗಳು ಬಣ್ಣವನ್ನು ಒಡೆಯದೆ ಇದ್ದರೆ ಒಂದು ಲೆಕ್ಕ, ಒಡೆದು ಬಿಳಿ ಕಾಗದ ಕಂಡರೆ ಇನ್ನೊಂದು ಲೆಕ್ಕ. ಗಾಢಬಣ್ಣದ ಮುಖಪುಟದಲ್ಲಿ ಇಂಥ ಒಂದೇ ಗೆರೆ 9.8 ಆಗಬೇಕಿದ್ದದ್ದನ್ನು 9.6 ಮಾಡುತ್ತದೆ. 1970ರ ದಶಕದ ಮುಖ್ಯ ಸಂಚಿಕೆಗಳಲ್ಲಿ ಆ ಒಂದು ಮೆಟ್ಟಿಲಿನ ಬೆಲೆ ಬಹಳ ದೊಡ್ಡದು. 5 ಅಥವಾ 6ರ ಮಟ್ಟದಲ್ಲಿ ಅದೇ ಗೆರೆಯನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಪ್ರಶ್ನೆ ಕೇಳಿದವರ ಕೆಳಗಿನ ಪಿನ್ನಿನ ಬಗ್ಗೆ ಒಂದು ಮಾತು. ಒಂದು ತುದಿ ಮಾತ್ರ ಬಿಡಿಸಿಕೊಂಡಿದ್ದು ಇನ್ನೊಂದು ತುದಿ ಹೊದಿಕೆಯನ್ನು ಹಿಡಿದಿದ್ದರೆ, ಹೊದಿಕೆ ಆ ಪಿನ್ನಿನಿಂದ ಕಳಚಿದೆ ಎಂದು ಬರೆಯುವುದಿಲ್ಲ. ಎರಡೂ ತುದಿ ಬಿಟ್ಟರೆ ಹಾಗೆ ಬರೆಯುತ್ತಾರೆ, ಆಗ ಗ್ರೇಡ್ 5ರ ಕೆಳಗೆ ಹೋಗುವ ಸಂಭವ ಹೆಚ್ಚು. ಆದ್ದರಿಂದ ಉಳಿದಿರುವ ಆ ತುದಿ ನಿಮ್ಮ ಪಾಲಿಗೆ ಬಹಳ ಮುಖ್ಯ. ಪುಸ್ತಕವನ್ನು ಇನ್ನು ಪೂರ್ತಿ ಬಿಡಿಸಬೇಡಿ. ನಡುಹಾಳೆ ನೋಡಬೇಕಾದರೆ ಮೇಜಿನ ಮೇಲಿಟ್ಟು, ಮುಖಪುಟಕ್ಕೆ ಕೈಯ ಆಸರೆ ಕೊಟ್ಟು, ಅರ್ಧ ಮಾತ್ರ ತೆರೆಯಿರಿ.

ಉತ್ತರ 3: ಮೈಸೂರಿನ ಸದಸ್ಯೆ, ಗ್ರಂಥಾಲಯದಲ್ಲಿ ಕಾಗದ ಸಂರಕ್ಷಣೆಯ ಕೆಲಸ

ನಾನು ಕಾಮಿಕ್ ಸಂಗ್ರಾಹಕಿಯಲ್ಲ. ತುಕ್ಕು ಹಿಡಿದ ಪಿನ್ನುಗಳ ಜೊತೆ ವೃತ್ತಿಯ ಕಾರಣಕ್ಕೆ ಬಹಳ ಒಡನಾಟವಿದೆ, ಆದ್ದರಿಂದ ಬರೆಯುತ್ತಿದ್ದೇನೆ. ಇಲ್ಲಿ ಹೇಳಿದ ಕೆಲವು ಮಾತು ನನ್ನ ವೃತ್ತಿಗೆ ತಿರುಗುಮುರುಗಾಗಿದೆ.

ಪತ್ರಾಗಾರಗಳಲ್ಲಿ ಹಳೆಯ ಕಿರುಹೊತ್ತಗೆ ಬಂದರೆ ನಾವು ಮಾಡುವ ಮೊದಲ ಕೆಲಸಗಳಲ್ಲಿ ತುಕ್ಕು ಹಿಡಿದ ಪಿನ್ನನ್ನು ತೆಗೆಯುವುದೂ ಒಂದು. ಒಳಗಿನ ಕಾಲುಗಳನ್ನು ತೆಳುವಾದ ಅಲಗಿನಿಂದ ಮೆಲ್ಲನೆ ನೆಟ್ಟಗೆ ಮಾಡಿ, ಹೊರಗಿನಿಂದ ಎತ್ತಿ, ಅದೇ ತೂತುಗಳಲ್ಲಿ ನೂಲು ಹಾಕಿ ಹೊಲಿಯುತ್ತೇವೆ. ಹೀಗೆ ಮಾಡುವುದಕ್ಕೆ ಕಾರಣವಿದೆ. ಕಬ್ಬಿಣ, ತೇವ ಮತ್ತು ಗಾಳಿ ಸೇರಿದಲ್ಲಿ ತುಕ್ಕು ಹುಟ್ಟುತ್ತದೆ. ಕಾಮಿಕ್‌ನ ಒಳಹಾಳೆ ಮರದ ತಿರುಳಿನಿಂದ ಮಾಡಿದ ಅಗ್ಗದ ಪತ್ರಿಕಾ ಕಾಗದ. ಅದರಲ್ಲಿ ಲಿಗ್ನಿನ್ ಉಳಿದಿರುತ್ತದೆ, ವರ್ಷ ಕಳೆದಂತೆ ಆಮ್ಲ ಹೆಚ್ಚುತ್ತದೆ, ಆ ಆಮ್ಲ ತಂತಿಯನ್ನು ಇನ್ನೂ ಬೇಗ ತಿನ್ನುತ್ತದೆ. ಅಷ್ಟಕ್ಕೇ ಮುಗಿಯುವುದಿಲ್ಲ. ತುಕ್ಕಿನ ಕಬ್ಬಿಣದ ಅಂಶ ಕಾಗದದ ನಾರಿಗೆ ಸೇರಿದಾಗ ಸೆಲ್ಯುಲೋಸ್ ಒಡೆಯುವ ಕ್ರಿಯೆಗೆ ವೇಗ ಕೊಡುತ್ತದೆ. ನೀವು ಕಂದು ಕಲೆ ಎನ್ನುತ್ತಿರುವ ಜಾಗದಲ್ಲಿ ಕಾಗದ ಬರೀ ಬಣ್ಣಗೆಟ್ಟಿಲ್ಲ, ಅದರ ಕಸುವೂ ಕಡಿಮೆಯಾಗಿದೆ. ಅಲ್ಲಿ ಇಂದು ಹರಿದಿಲ್ಲವೆಂದು ನಿಶ್ಚಿಂತೆಯಿಂದ ಇರಲಾಗದು.

ಹೀಗಿರುವಾಗ ತುಕ್ಕು ಹಿಡಿದ ಮೂಲ ಪಿನ್ನನ್ನು ಹಾಗೆಯೇ ಬಿಟ್ಟ ಪ್ರತಿಗೆ ನೀಲಿ ಲೇಬಲ್, ಅದನ್ನು ತೆಗೆದು ಕಾಗದವನ್ನು ಉಳಿಸಿದ ಪ್ರತಿಗೆ ಬೇರೆ ಲೇಬಲ್ ಮತ್ತು ಕಡಿಮೆ ಬೆಲೆ ಎಂಬ ವ್ಯವಸ್ಥೆ ನನಗೆ ಸರಿಯೆನ್ನಿಸುವುದಿಲ್ಲ. ಪುಸ್ತಕಕ್ಕೆ ಒಳ್ಳೆಯದಾಗುವುದಕ್ಕೂ ಮಾಲೀಕರಿಗೆ ಒಳ್ಳೆಯದಾಗುವುದಕ್ಕೂ ಇಲ್ಲಿ ಹೊಂದಾಣಿಕೆಯಿಲ್ಲ.

ಉತ್ತರ 4: ಬೆಂಗಳೂರಿನ ಸಂಗ್ರಾಹಕ

ಮೇಡಂ, ತಾವು ಎತ್ತಿದ ವಿಷಯ ಇಡೀ ಚರ್ಚೆಯಲ್ಲಿ ಮುಖ್ಯವಾದದ್ದು. ರಸಾಯನದ ವಿಚಾರದಲ್ಲಿ ತಾವು ಹೇಳಿದ್ದರಲ್ಲಿ ಒಂದಕ್ಷರವನ್ನೂ ಅಲ್ಲಗಳೆಯಲಾರೆ. ಆದರೂ ಮೂಲ ಪಿನ್ನಿಗೆ ಇಷ್ಟು ಬೆಲೆ ಏಕೆ ಎಂಬುದಕ್ಕೆ ಅಂದಚಂದವನ್ನು ಮೀರಿದ ಕಾರಣವೊಂದಿದೆ. ಪಿನ್ನು ಸಾಕ್ಷಿ. ಪುಸ್ತಕ ಅಚ್ಚಿನ ಮನೆಯಿಂದ ಹೊರಬಿದ್ದ ಮೇಲೆ ಅದನ್ನು ಯಾರೂ ಬಿಚ್ಚಿಲ್ಲ ಎಂಬುದನ್ನು ಹೇಳಬಲ್ಲದ್ದು ಅದೊಂದೇ.

ಪ್ರಶ್ನೆಯಲ್ಲಿರುವ ಇದೇ 181ನೇ ಸಂಚಿಕೆಯನ್ನು ತೆಗೆದುಕೊಳ್ಳಿ. 1974ರಲ್ಲಿ ಮಾರ್ವೆಲ್ ತನ್ನ ಸಂಚಿಕೆಗಳ ಓದುಗರ ಪತ್ರಗಳ ಪುಟದಲ್ಲಿ ಕತ್ತರಿಸಿ ಅಂಟಿಸಿಕೊಳ್ಳುವ ಚಿಕ್ಕ ಚೀಟಿಗಳನ್ನು ಅಚ್ಚು ಹಾಕುತ್ತಿತ್ತು. ಈ ಸಂಚಿಕೆಯಲ್ಲಿರುವುದು 54ನೇ ಚೀಟಿ, ಶಾನಾ ಎಂಬ ಪಾತ್ರದ್ದು. ಅಂದಿನ ಮಕ್ಕಳು ಪ್ರಕಾಶಕರು ಹೇಳಿದಂತೆಯೇ ಅದನ್ನು ಕತ್ತರಿಸಿಕೊಂಡರು. ಚೀಟಿ ಇಲ್ಲದ ಪ್ರತಿ ಇಂದು ಎಷ್ಟೇ ಚೆನ್ನಾಗಿದ್ದರೂ ಅದಕ್ಕೆ ಕೆಳಗಿನ ಗ್ರೇಡ್ ಅಥವಾ ಹಸಿರು ಲೇಬಲ್ ಸಿಗುತ್ತದೆ. ಹಸಿರು ಲೇಬಲ್ ಎಂದರೆ ಉಳಿದದ್ದೆಲ್ಲ ಚೆನ್ನಾಗಿದ್ದು, ಪ್ರತ್ಯೇಕವಾಗಿ ಹೆಸರಿಸಬೇಕಾದ ಒಂದು ದೊಡ್ಡ ಕೊರತೆಯಿದೆ ಎಂದು. ಇದರಿಂದ ಹುಟ್ಟಿದ ಆಸೆ ಏನೆಂದರೆ, ಮುಖಪುಟ ಹರಿದುಹೋದ ಇನ್ನೊಂದು ಪ್ರತಿಯಿಂದ ಚೀಟಿ ಇರುವ ಹಾಳೆಯನ್ನು ತೆಗೆದು ಇದಕ್ಕೆ ಸೇರಿಸುವುದು. ಹಾಗೆ ಮಾಡಲು ಪಿನ್ನು ಬಿಚ್ಚಲೇಬೇಕು. ಬಿಚ್ಚಿದರೆ ಗುರುತು ಉಳಿಯುತ್ತದೆ.

ಪರೀಕ್ಷಕರು ಹುಡುಕುವುದು ಆ ಗುರುತುಗಳನ್ನೇ. ಒಂಬತ್ತು ಪದರಗಳಲ್ಲಿರುವ ತೂತುಗಳು ಒಂದಕ್ಕೊಂದು ನೇರವಾಗಿವೆಯೇ, ಯಾವುದಾದರೂ ಹಾಳೆಯಲ್ಲಿ ಪಿನ್ನಿಲ್ಲದ ಹೆಚ್ಚುವರಿ ತೂತು ಇದೆಯೇ, ನಡುಹಾಳೆಯ ಮೇಲೆ ಕಾಲುಗಳು ಒತ್ತಿದ ಹಳ್ಳ ಈಗಿನ ಕಾಲುಗಳ ಉದ್ದಕ್ಕೂ ದಿಕ್ಕಿಗೂ ಹೊಂದುತ್ತದೆಯೇ, ಕಾಗದದಲ್ಲಿ ತುಕ್ಕಿನ ಕಲೆಯಿದ್ದು ಪಿನ್ನು ಮಾತ್ರ ಥಳಥಳ ಹೊಳೆಯುತ್ತಿದೆಯೇ, ಎರಡು ಪಿನ್ನುಗಳ ತಂತಿಯ ದಪ್ಪ ಒಂದೇ ಆಗಿದೆಯೇ ಎಂದೆಲ್ಲ ಭೂತಗನ್ನಡಿ ಹಿಡಿದು ನೋಡುತ್ತಾರೆ. ಎಲ್ಲ ಸರಿಹೊಂದಿದರೆ, ಪಿನ್ನು ತುಕ್ಕು ಹಿಡಿದಿದ್ದರೂ, ಪುಸ್ತಕ ಒಂದೇ ಪ್ರತಿಯಾಗಿ ಉಳಿದುಬಂದಿದೆ ಎಂಬ ಭರವಸೆ ಸಿಗುತ್ತದೆ. ಪಿನ್ನು ತೆಗೆದು ನೂಲು ಹಾಕಿದರೆ ಕಾಗದ ಉಳಿಯುತ್ತದೆ, ಆದರೆ ಆ ಭರವಸೆ ಹೋಗುತ್ತದೆ. ಪತ್ರಾಗಾರದ ಕಿರುಹೊತ್ತಗೆಯಲ್ಲಿ ಯಾರೂ ಬೇರೆ ಪ್ರತಿಯ ಹಾಳೆ ಸೇರಿಸಿ ಲಾಭ ಮಾಡಿಕೊಳ್ಳುವುದಿಲ್ಲ. ಇಲ್ಲಿ ಮಾಡಿಕೊಳ್ಳುತ್ತಾರೆ.

ಇಷ್ಟಾದರೂ ತಾವು ಹೇಳಿದ ಒಂದು ಅಂಶವನ್ನು ನಾನು ಪೂರ್ತಿ ಒಪ್ಪುತ್ತೇನೆ. ತುಕ್ಕು ಮುಂದುವರಿಯುತ್ತಿರುವ ಪ್ರತಿಯನ್ನು ಬರೀ ಲೇಬಲ್ಲಿನ ಬಣ್ಣಕ್ಕಾಗಿ ಹಾಗೆಯೇ ಬಿಡುವುದು ತಪ್ಪು. 1938ರ ‘ಆಕ್ಷನ್ ಕಾಮಿಕ್ಸ್’ ಮೊದಲ ಸಂಚಿಕೆಯಂಥ, ಉಳಿದಿರುವ ಪ್ರತಿಗಳೇ ಬಹಳ ಕಡಿಮೆ ಇರುವ ಪುಸ್ತಕವೊಂದರಲ್ಲಿ ಪಿನ್ನು ಕಾಗದವನ್ನು ತಿನ್ನುತ್ತಿದ್ದರೆ ಅದನ್ನು ಪರಿಣತರ ಕೈಗೆ ಕೊಟ್ಟು ತೆಗೆಸಬೇಕು, ಮಾಡಿದ್ದನ್ನು ಬರೆದಿಡಬೇಕು, ಸಂರಕ್ಷಿತ ಪ್ರತಿಯ ಲೇಬಲ್ಲನ್ನು ಗೌರವದಿಂದಲೇ ಸ್ವೀಕರಿಸಬೇಕು. ಆ ಲೇಬಲ್ ಬಂದಿರುವುದೂ ಅದಕ್ಕಾಗಿಯೇ. ಖರೀದಿದಾರರು ಅದನ್ನು ನೇರಳೆ ಲೇಬಲ್ಲಿನ ಪಕ್ಕದಲ್ಲಿಟ್ಟು ನೋಡುವ ಅಭ್ಯಾಸ ಬಿಡಬೇಕೆಂಬುದು ನನ್ನ ಮನಸ್ಸಿನಲ್ಲಿರುವ ಮಾತು.

ಉತ್ತರ 5: ಮಂಗಳೂರಿನ ಸದಸ್ಯೆ

ಈ ಚರ್ಚೆಯಿಂದ ಬಹಳ ತಿಳಿದುಕೊಂಡೆ. ನನ್ನ ತಂದೆಯವರು ಕೂಡಿಸಿಟ್ಟ ಇಂದ್ರಜಾಲ್ ಕಾಮಿಕ್ಸ್ ಮತ್ತು ಅಮರ ಚಿತ್ರಕಥೆಯ ಹಳೆಯ ಸಂಚಿಕೆಗಳು ನಮ್ಮ ಮನೆಯಲ್ಲಿವೆ. 1964ರಲ್ಲಿ ಆರಂಭವಾದ ಇಂದ್ರಜಾಲ್‌ನ ಮೊದಮೊದಲ ವರ್ಷಗಳ ಕೆಲವು ಸಂಚಿಕೆಗಳೂ ಅದರಲ್ಲಿ ಸೇರಿವೆ. ಕರಾವಳಿಯ ಮನೆಯಾದ್ದರಿಂದ ಒಂದರಲ್ಲೂ ಪಿನ್ನು ಶುದ್ಧವಾಗಿ ಉಳಿದಿಲ್ಲ. ಕೆಲವದರಲ್ಲಿ ಪಿನ್ನಿನ ಜಾಗದಲ್ಲಿ ಪುಡಿ ಮಾತ್ರ ಇದೆ, ಹೊದಿಕೆ ಬೇರೆಯಾಗಿದೆ. ಇವನ್ನು ಅಮೆರಿಕಕ್ಕೆ ಕಳುಹಿಸಿ ಗ್ರೇಡ್ ಮಾಡಿಸುವ ಯೋಚನೆಯಿಲ್ಲ, ಮಾರುವ ಯೋಚನೆಯೂ ಇಲ್ಲ. ಮುಂದಿನ ತಲೆಮಾರಿಗೆ ಉಳಿಸಬೇಕು, ಅಷ್ಟೇ. ಪಿನ್ನು ತೆಗೆಯಲೇ, ಬಿಡಲೇ? ಹಾಗೂ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಮುಚ್ಚಿಟ್ಟರೆ ತುಕ್ಕು ನಿಲ್ಲುತ್ತದೆಯೇ?

ಉತ್ತರ 6: ಮೈಸೂರಿನ ಸದಸ್ಯೆ

ನಿಮ್ಮ ವಿಷಯದಲ್ಲಿ ನಾನು ಹಿಂದೆಮುಂದೆ ನೋಡದೆ ತೆಗೆಯಿರಿ ಎನ್ನುತ್ತೇನೆ. ಮಾರುವ ಉದ್ದೇಶವಿಲ್ಲ, ಪಿನ್ನು ಪುಡಿಯಾಗಿದೆ, ಇನ್ನು ಅದನ್ನು ಇಟ್ಟುಕೊಳ್ಳುವುದರಲ್ಲಿ ಹಾನಿಯೇ ಹೆಚ್ಚು. ಆದರೆ ಹೊರಗಿನಿಂದ ಎಂದೂ ಕೀಳಬೇಡಿ. ನಡುಹಾಳೆಯನ್ನು ತೆರೆದಿಟ್ಟು, ಕಾಲು ಮತ್ತು ಕಾಗದದ ನಡುವೆ ತೆಳುವಾದ ಗಟ್ಟಿ ಪ್ಲಾಸ್ಟಿಕ್ ಹಾಳೆಯ ಚೂರೊಂದನ್ನು ತೂರಿಸಿ, ಅದರ ಮೇಲೆ ಕಾಲನ್ನು ಎತ್ತಿ ನೆಟ್ಟಗೆ ಮಾಡಿ, ಆಮೇಲೆ ಬೆನ್ನಿನ ಕಡೆಯಿಂದ ತಂತಿಯನ್ನು ಹಗುರವಾಗಿ ಎತ್ತಿ. ಕಾಲು ಕಾಗದಕ್ಕೆ ಅಂಟಿಕೊಂಡಿದ್ದರೆ ಬಲ ಹಾಕಬೇಡಿ. ಒಣ ಮೃದು ಕುಂಚದಿಂದ ತುಕ್ಕಿನ ಪುಡಿಯನ್ನು ಗುಡಿಸಿ ತೆಗೆಯಿರಿ. ನೀರು, ನಿಂಬೆರಸ, ಅಂಗಡಿಯಲ್ಲಿ ಸಿಗುವ ತುಕ್ಕುನಾಶಕ ದ್ರವ ಯಾವುದೂ ಬೇಡ. ನೂಲು ಹಾಕುವ ಅಭ್ಯಾಸವಿಲ್ಲದಿದ್ದರೆ ಹೊಲಿಯದೆ, ಹಾಳೆಗಳನ್ನು ಅನುಕ್ರಮದಲ್ಲಿಟ್ಟು ಆಮ್ಲರಹಿತ ಕಾಗದದಲ್ಲಿ ಮಡಿಸಿಡಿ. ಸೆಲ್ಲೋಟೇಪ್ ಮಾತ್ರ ಎಂದಿಗೂ ಬೇಡ.

ಚೀಲದ ಬಗ್ಗೆ: ಮಳೆಗಾಲದಲ್ಲಿ ನಿಮ್ಮ ಊರಿನ ತೇವಾಂಶ ಶೇಕಡ 80 ದಾಟುವುದು ಸಾಮಾನ್ಯ. ಅಂಥ ದಿನ ಪುಸ್ತಕವನ್ನು ಚೀಲಕ್ಕೆ ಹಾಕಿ ಮುಚ್ಚಿದರೆ ಆ ತೇವವನ್ನೂ ಸೇರಿಸಿಯೇ ಮುಚ್ಚಿದಂತಾಗುತ್ತದೆ. ಚೀಲ ತುಕ್ಕನ್ನು ತಡೆಯುವುದಿಲ್ಲ, ಒಣ ಗಾಳಿ ತಡೆಯುತ್ತದೆ. ಮಾರ್ಚಿನಂಥ ಒಣ ದಿನಗಳಲ್ಲಿ, ಹವಾನಿಯಂತ್ರಿತ ಕೋಣೆಯಿದ್ದರೆ ಅಲ್ಲಿಟ್ಟು, ಚೀಲಕ್ಕೆ ಹಾಕಿ. ಬಿಗಿಮುಚ್ಚಳದ ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳೊಂದಿಗೆ ಇಡಿ, ಪೊಟ್ಟಣಗಳು ತೇವ ಹೀರಿದ ಮೇಲೆ ಬಿಸಿಮಾಡಿ ಮತ್ತೆ ಬಳಸಿ. ಪೆಟ್ಟಿಗೆಯೊಳಗೆ ಅಗ್ಗದ ತೇವಮಾಪಕವೊಂದನ್ನು ಇಟ್ಟುಕೊಂಡು ಶೇಕಡ 35ರಿಂದ 50ರ ನಡುವೆ ಉಳಿಸಿಕೊಳ್ಳಲು ನೋಡಿ. ತೀರಾ ಒಣಗಿಸಬೇಡಿ, ಹಳೆಯ ಪತ್ರಿಕಾ ಕಾಗದ ಬಿರುಸಾಗಿ ಮುರಿಯುತ್ತದೆ.

ಉತ್ತರ 7: ಡಲ್ಲಾಸ್‌ನ ಸದಸ್ಯ

ಮೇಡಂ ಹೇಳಿದ ಒಣ ಗಾಳಿಯ ಮಾತಿಗೆ ನಮ್ಮ ಹವ್ಯಾಸದಲ್ಲೇ ದೊಡ್ಡ ಉದಾಹರಣೆಯಿದೆ. 1977ರಲ್ಲಿ ಕೊಲರಾಡೊದ ಡೆನ್ವರ್‌ನಲ್ಲಿ ಎಡ್ಗರ್ ಚರ್ಚ್ ಎಂಬುವರ ಮನೆಯಿಂದ ಚಕ್ ರೊಜಾನ್‌ಸ್ಕಿ ಕೊಂಡ ಸಂಗ್ರಹ ಇಂದಿಗೂ ಮೈಲ್ ಹೈ ಸಂಗ್ರಹವೆಂದೇ ಹೆಸರಾಗಿದೆ. 1930 ಮತ್ತು 40ರ ದಶಕದ ಸಾವಿರಾರು ಪುಸ್ತಕಗಳು ಆ ಎತ್ತರದ ಊರಿನ ಒಣ, ತಂಪು ಹವೆಯಲ್ಲಿ, ಒತ್ತಾಗಿ ಪೇರಿಸಿಟ್ಟ ಸ್ಥಿತಿಯಲ್ಲಿ ಉಳಿದಿದ್ದವು. ಕಾಗದದ ಬಿಳುಪಿಗೆ ಆ ಸಂಗ್ರಹ ಹೆಸರುವಾಸಿ. ಕಾಗದವನ್ನು ಕಾಪಾಡಿದ ಅದೇ ಹವೆ ಪಿನ್ನನ್ನೂ ಕಾಪಾಡುತ್ತದೆ.

ಪ್ರಶ್ನೆ ಕೇಳಿದವರು: ನ್ಯೂಜೆರ್ಸಿಯ ಸದಸ್ಯ

ಎಲ್ಲರಿಗೂ ಕೃತಜ್ಞ. ಬೆಂಗಳೂರಿನವರು ಹೇಳಿದ ರೀತಿಯಲ್ಲಿ, ಡಲ್ಲಾಸ್‌ನವರು ಎಚ್ಚರಿಸಿದಂತೆ ಅರ್ಧ ಮಾತ್ರ ತೆರೆದು, ಪರೀಕ್ಷಿಸಿದೆ. ಚೀಟಿ ಇದೆ, ಅದರ ಹಾಳೆಯಲ್ಲಿ ಹೆಚ್ಚುವರಿ ತೂತು ಕಾಣಲಿಲ್ಲ. ನಡುಹಾಳೆಯ ಮೇಲಿನ ಒತ್ತುಗುರುತು ಎರಡೂ ಪಿನ್ನುಗಳ ಕಾಲಿಗೆ ಸರಿಯಾಗಿ ಹೊಂದುತ್ತದೆ. ಒಳಗಡೆ ಮೇಲಿನ ಪಿನ್ನಿನ ಕಾಲಿಗೆ ತುಕ್ಕು ಬಂದಿಲ್ಲ, ಹೊರಗೆ ಮಾತ್ರ ಬಂದಿದೆ. ಕೆಳಗಿನ ಪಿನ್ನಿನಲ್ಲಿ ಹೊದಿಕೆಯ ಇನ್ನೊಂದು ತುದಿ ಗಟ್ಟಿಯಾಗಿದೆ. ಪಿನ್ನು ಬದಲಿಸುವ ವಿಚಾರವನ್ನು ಕೈಬಿಟ್ಟಿದ್ದೇನೆ.

ಇನ್ನೊಂದೇ ಸಂದೇಹ. ಹಿಂಪುಟದಲ್ಲಿ ಬಣ್ಣ ಒಡೆಯದ ಒಂದು ಬಾಗು ಇದೆ. ಗ್ರೇಡ್‌ಗೆ ಕಳುಹಿಸುವ ಮೊದಲು ಪ್ರೆಸ್ ಮಾಡಿಸಬಹುದೇ?

ಉತ್ತರ 8: ಬೆಂಗಳೂರಿನ ಸಂಗ್ರಾಹಕ

ಒಳಗಡೆ ತುಕ್ಕಿಲ್ಲದಿರುವುದು ಒಳ್ಳೆಯ ಸುದ್ದಿ. ಪುಸ್ತಕ ನೆನೆದದ್ದಲ್ಲ, ಹೊರಗಿನ ತೇವದ ಗಾಳಿ ಮಾತ್ರ ತಾಗಿದ್ದು ಎಂದು ಅದರಿಂದ ಊಹಿಸಬಹುದು. ನೆನೆದಿದ್ದರೆ ತುಕ್ಕಿನ ಜೊತೆ ಕಾಗದದಲ್ಲಿ ಅಲೆಯೂ ನೀರಿನ ಗೆರೆಯೂ ಇರುತ್ತಿದ್ದವು.

ಪ್ರೆಸ್ ಮಾಡುವುದೆಂದರೆ ಶಾಖ, ಒತ್ತಡ ಮತ್ತು ಅಷ್ಟಿಷ್ಟು ತೇವ ಕೊಟ್ಟು ಬಾಗುಗಳನ್ನು ನೆಟ್ಟಗೆ ಮಾಡುವುದು. ಹೊರಗಿನಿಂದ ಏನನ್ನೂ ಸೇರಿಸದ ಕಾರಣ ಸಿಜಿಸಿ ಇದನ್ನು ದುರಸ್ತಿಯೆಂದು ಪರಿಗಣಿಸುವುದಿಲ್ಲ. ಹಿಂಪುಟದ ಬಾಗು ಹೋಗಬಹುದು. ಪಿನ್ನಿನ ಯಾವ ದೋಷವೂ ಹೋಗುವುದಿಲ್ಲ, ತುಕ್ಕಿನ ಕಲೆ ಹೋಗುವುದಿಲ್ಲ, ಹರಿದದ್ದು ಕೂಡುವುದಿಲ್ಲ. ಅಪಾಯಗಳು ಮಾತ್ರ ನಿಮ್ಮ ಪ್ರತಿಯಲ್ಲಿ ಉಳಿದವಕ್ಕಿಂತ ಹೆಚ್ಚು. ತೇವದಲ್ಲಿ ಕಾಗದ ಹಿಗ್ಗಿ ಒಣಗುವಾಗ ಕುಗ್ಗುತ್ತದೆ, ಆ ಎಳೆತ ಬೀಳುವುದು ಪಿನ್ನಿನ ತೂತುಗಳ ಮೇಲೆ. ಕೆಳಗಿನ ಪಿನ್ನಿನಲ್ಲಿ ಉಳಿದ ತುದಿಯೂ ಬಿಡಿಸಿಕೊಂಡರೆ ಬಾಗಿನಿಂದ ಗಳಿಸುವುದಕ್ಕಿಂತ ಕಳೆದುಕೊಳ್ಳುವುದೇ ಹೆಚ್ಚಾಗುತ್ತದೆ. ಒತ್ತಡದಲ್ಲಿ ತಂತಿಯ ಉಬ್ಬು ಮುಖಪುಟದ ಮೇಲೂ ಪಕ್ಕದ ಹಾಳೆಗಳ ಮೇಲೂ ಅಚ್ಚೊತ್ತುವ ಸಾಧ್ಯತೆಯೂ ಇದೆ.

9.6ರ ಪ್ರತಿಯಾಗಿದ್ದರೆ ಈ ಅಪಾಯವನ್ನು ತೂಗಿ ನೋಡಬಹುದಿತ್ತು. 6.0ರ ಸುತ್ತಮುತ್ತಲ ಪ್ರತಿಯಲ್ಲಿ ಬಣ್ಣ ಒಡೆಯದ ಒಂದು ಬಾಗು ಹೆಚ್ಚೆಂದರೆ ಅರ್ಧ ಅಂಕದ ಮಾತು, ಅದೂ ಖಚಿತವಲ್ಲ, ಏಕೆಂದರೆ ಗ್ರೇಡನ್ನು ಕೆಳಗೆ ಹಿಡಿದಿರುವುದು ಬಾಗಲ್ಲ, ಪಿನ್ನಿನ ಕಲೆ. ಇದ್ದ ಹಾಗೆಯೇ ಕಳುಹಿಸಿ. ಆಮ್ಲರಹಿತ ಹಲಗೆಯೊಂದಿಗೆ ಚೀಲಕ್ಕೆ ಹಾಕುವಾಗ ಬೆನ್ನಿನ ಕಡೆಯನ್ನು ಮೊದಲು ಇಳಿಸಿ, ಚೀಲದ ಅಂಚು ಕೆಳಗಿನ ಪಿನ್ನಿನ ಬಿಟ್ಟ ತುದಿಗೆ ಸಿಕ್ಕಿಕೊಳ್ಳದಂತೆ ನೋಡಿಕೊಳ್ಳಿ. ಚೀಲವು ಪುಸ್ತಕಕ್ಕಿಂತ ಒಂದು ಅಳತೆ ದೊಡ್ಡದಿರಲಿ. ಫಲಿತಾಂಶ ಬಂದ ಮೇಲೆ ಪರೀಕ್ಷಕರ ಟಿಪ್ಪಣಿಯನ್ನು ಪ್ರಮಾಣಪತ್ರದ ಸಂಖ್ಯೆ ಹಾಕಿ ನೋಡಿ, ಪಿನ್ನಿನ ಬಗ್ಗೆ ಬರೆದಿರುವ ಸಾಲುಗಳನ್ನು ಇಲ್ಲಿ ಹಂಚಿಕೊಂಡರೆ ಮುಂದೆ ಇದೇ ಪ್ರಶ್ನೆ ಕೇಳುವವರಿಗೆ ಉಪಯೋಗವಾಗುತ್ತದೆ.